ಮನೋರಂಜನಾ ಉದ್ಯಾನ: ಒಂದು ಉದ್ಯಮದ ಅಧ್ಯಯನ

ಜನರ ಬಿಡುವಿನ ವೇಳೆಯೇ ಬಂಡವಾಳವಾಗುವ ಉದ್ಯಮಗಳಲ್ಲಿ ಮನೋರಂಜನಾ ಉದ್ಯಾನವು ಪ್ರಮುಖವಾದುದು. ಇದರ ಬೆಳವಣಿಗೆಯಲ್ಲಿ ನಮ್ಮ ಭಾಗದ ವರ್ತಕರಿಗೂ ಸಣ್ಣ ತಯಾರಕರಿಗೂ ಉಪಯುಕ್ತವಾದ ಪಾಠಗಳಿವೆ.

ಮೂಲ ಮಾದರಿ

ನ್ಯೂಯಾರ್ಕ್ ನಗರದ ಕೋನಿ ಐಲೆಂಡ್ ಕಡಲತೀರದಲ್ಲಿ ಜಾರ್ಜ್ ಟಿಲ್ಯೂ ಎಂಬ ಉದ್ಯಮಿ 1897ರಲ್ಲಿ ಸ್ಟೀಪಲ್‌ಚೇಸ್ ಪಾರ್ಕ್ ಆರಂಭಿಸಿದನು. ಚದುರಿದ ಆಟಗಳನ್ನು ಆವರಣದೊಳಗೆ ತಂದು, ಹಲವು ಆಟಗಳಿಗೆ ಒಂದೇ ಟಿಕೆಟ್ ನೀಡುವ ಕ್ರಮವನ್ನು ಆತ ರೂಢಿಸಿದನು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಮರುವರ್ಷವೇ ಅದೇ ಕಡಲತೀರದಲ್ಲಿ ತೆರೆದ ಲೂನಾ ಪಾರ್ಕ್, ಸುಮಾರು 2.5 ಲಕ್ಷ ವಿದ್ಯುದ್ದೀಪಗಳಿಂದ ಇರುಳನ್ನೂ ವ್ಯಾಪಾರದ ವೇಳೆಯಾಗಿಸಿತು.

ಅಪಾಯವೂ ಅಲ್ಲಿಯೇ ಇತ್ತು. 1907ರಲ್ಲಿ ಸ್ಟೀಪಲ್‌ಚೇಸ್ ಬೆಂಕಿಗೆ ಆಹುತಿಯಾಯಿತು. ಟಿಲ್ಯೂ ಸುಟ್ಟ ಅವಶೇಷಗಳನ್ನು ನೋಡಲು 10 ಸೆಂಟ್ ಶುಲ್ಕವಿಟ್ಟು, ಉಕ್ಕು–ಗಾಜಿನ ಮಂಟಪ ಸಹಿತ ಉದ್ಯಾನವನ್ನು ಪುನಃ ಕಟ್ಟಿದನು. ಅದು 1964ರವರೆಗೆ ನಡೆಯಿತು. ನೆರೆಯ ಡ್ರೀಮ್‌ಲ್ಯಾಂಡ್ 1911ರಲ್ಲಿ ಸುಟ್ಟುಹೋಗಿ, ಮತ್ತೆ ಏಳಲೇ ಇಲ್ಲ.

ಬಿಡದಿಯ ಉದಾಹರಣೆ

ಕರ್ನಾಟಕದಲ್ಲಿ ಇದೇ ತತ್ತ್ವದ ನಿದರ್ಶನ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ ಬಳಿಯ ವಂಡರ್‌ಲಾ. ಇದರ ಸ್ಥಾಪಕ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 1977ರಲ್ಲಿ ಕೊಚ್ಚಿಯಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಸುವ ವಿ–ಗಾರ್ಡ್ ಎಂಬ ಸಣ್ಣ ಉದ್ದಿಮೆಯಿಂದ ಆರಂಭಿಸಿದವರು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, 2005ರಲ್ಲಿ ಬಿಡದಿಯ ಉದ್ಯಾನ ಆರಂಭವಾದವು. 2014ರಲ್ಲಿ ಸಂಸ್ಥೆಯು ಸಾರ್ವಜನಿಕರಿಗೆ ಷೇರು ನೀಡಿತು. 2016ರಲ್ಲಿ ಹೈದರಾಬಾದಿಗೂ 2024ರಲ್ಲಿ ಭುವನೇಶ್ವರಕ್ಕೂ ವಿಸ್ತರಿಸಿತು. ಆಟದ ಯಂತ್ರಗಳಲ್ಲಿ ಕೆಲವನ್ನು ತಾನೇ ತಯಾರಿಸಿಕೊಳ್ಳುವುದು ಸಂಸ್ಥೆಯ ವೈಶಿಷ್ಟ್ಯ. ತಯಾರಿಕೆಯ ಅನುಭವವು ಸೇವಾ ಉದ್ಯಮಕ್ಕೂ ಆಸ್ತಿಯಾಗಬಲ್ಲದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಉದ್ಯಮದ ಸ್ಥಿರ ವೆಚ್ಚ ಅಧಿಕ. ಜನ ಬರದ ದಿನವೂ ನಿರ್ವಹಣೆ ನಿಲ್ಲದು. ತೆರಿಗೆಯ ಹೊರೆಯೂ ಲಘುವಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಪ್ರವೇಶ ಶುಲ್ಕದ ಮೇಲೆ ಶೇ. 28 ತೆರಿಗೆಯಿತ್ತು, 2018ರ ಜನವರಿಯಲ್ಲಿ ಅದು ಶೇ. 18ಕ್ಕೆ ಇಳಿಯಿತು. 2020ರ ಕೊರೋನಾ ಕಾಲದಲ್ಲಿ ಉದ್ಯಾನಗಳು ಬಾಗಿಲು ಮುಚ್ಚಬೇಕಾಯಿತು.

ನಮಗೆ ಅನ್ವಯವಾಗುವುದೇನು?

ಕೊಳ್ಳೇಗಾಲದ ಭರಚುಕ್ಕಿ, ಹನೂರಿನ ಮಲೆ ಮಹದೇಶ್ವರ ಬೆಟ್ಟ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟ – ಇವು ಬೃಹತ್ ಬಂಡವಾಳವಿಲ್ಲದೆಯೇ ಜನರನ್ನು ಸೆಳೆಯುವ ತಾಣಗಳು. ಆದರೆ ಜಲಪಾತಕ್ಕೆ ಮಳೆಗಾಲ, ಬೆಟ್ಟಕ್ಕೆ ಅಮಾವಾಸ್ಯೆ–ಜಾತ್ರೆ ಎಂಬಂತೆ ಜನಸಂದಣಿ ಋತುಮಾನಕ್ಕೆ ಕಟ್ಟುಬಿದ್ದಿದೆ. ಬಂದವರು ದರ್ಶನ ಮುಗಿಸಿ ಹಿಂದಿರುಗಿದರೆ ಪೇಟೆಗೆ ಲಾಭವಿಲ್ಲ. ಆದ್ದರಿಂದ ಸದಸ್ಯ ಬಾಂಧವರು ಈ ಅಂಶಗಳನ್ನು ಪರಿಶೀಲಿಸಬಹುದು:

1. ವಾಹನ, ಊಟ, ವಸತಿಗಳನ್ನು ಜೋಡಿಸಿ ಒಂದೇ ದರದಲ್ಲಿ ನೀಡುವುದು. ಟಿಲ್ಯೂವಿನ ಟಿಕೆಟ್ಟಿನ ಮರ್ಮವೂ ಇದೇ.

2. ಕೊಳ್ಳೇಗಾಲದ ರೇಷ್ಮೆ ನೇಯ್ಗೆಯನ್ನು ಪ್ರವಾಸಿಗರು ಕಣ್ಣಾರೆ ಕಂಡು ಕೊಳ್ಳುವಂತೆ ವ್ಯವಸ್ಥೆಗೊಳಿಸುವುದು.

3. ಜಾತ್ರೆಯ ಗಳಿಕೆಯ ಒಂದಂಶವನ್ನು ಮಂದಕಾಲದ ನಿರ್ವಹಣೆಗೆ ಕಾದಿರಿಸುವುದು.

4. ಅಂಗಡಿ, ಗೋದಾಮುಗಳಿಗೆ ಅಗ್ನಿವಿಮೆಯನ್ನು ತಪ್ಪದೆ ನವೀಕರಿಸುವುದು.

ಗ್ರಾಹಕನು ನಮ್ಮಲ್ಲಿ ಕಳೆಯುವ ಪ್ರತಿಯೊಂದು ಗಂಟೆಯೂ ವ್ಯಾಪಾರದ ಅವಕಾಶವೇ ಆಗಿದೆ. ಆ ಗಂಟೆಯನ್ನು ಸುರಕ್ಷಿತವಾಗಿಯೂ ಸಂತೋಷದಾಯಕವಾಗಿಯೂ ಮಾಡಿದವರೇ ಈ ಉದ್ಯಮದಲ್ಲಿ ಉಳಿದಿದ್ದಾರೆ.