ಬಿಲ್ಲೆ, ದುಡ್ಡು, ಉದ್ರಿ: ಹುಬ್ಬಳ್ಳಿ-ಧಾರವಾಡದ ಚಿಲ್ಲರೆ ವ್ಯವಹಾರದ ಒಂದು ಟಿಪ್ಪಣಿ

ಕರ್ನಾಟಕದ ನಾಣ್ಯಾಧ್ಯಯನವು ಬಹುಮಟ್ಟಿಗೆ ಅರಸರ ಟಂಕಸಾಲೆಗಳ ಸುತ್ತ ಬೆಳೆದಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಧಾರವಾಡದ ಟಂಕಸಾಲೆಗೆ 'ಖುರ್ಶೀದ್ ಸವಾದ್' ಎಂಬ ಹೆಸರಿದ್ದುದನ್ನು ವಿದ್ವಾಂಸರು ಬಲ್ಲರು. ಆದರೆ ಪೇಟೆಯ ಅಂಗಡಿಕಾರನು ಚಿಲ್ಲರೆ ಸಾಲದಾದಾಗ ಏನು ಮಾಡುತ್ತಿದ್ದನೆಂಬ ಪ್ರಶ್ನೆ ಅಷ್ಟಾಗಿ ಎದ್ದಿಲ್ಲ.

ಆಂಗ್ಲರ ಬೇರೆ ವಸಾಹತುಗಳಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಮೆಲ್ಬರ್ನ್ ನಗರದ ಅನ್ನಂಡ್ ಸ್ಮಿತ್ ಎಂಬ ವರ್ತಕ ಸಂಸ್ಥೆ 1849ರಲ್ಲಿ ತನ್ನ ಹೆಸರು ಹೊತ್ತ ತಾಮ್ರದ ಪೆನ್ನಿ ಬಿಲ್ಲೆಗಳನ್ನು ಹೊರಡಿಸಿತು. 1857ರಿಂದ ನ್ಯೂಜಿಲೆಂಡಿನ ಅಂಗಡಿಗಳೂ ಅದೇ ಹಾದಿ ಹಿಡಿದವು. ನಾಣ್ಯವು ಹಡಗಿನಲ್ಲಿ ಬರಬೇಕಾಗಿದ್ದ ಆ ದೂರದ ನಾಡುಗಳಲ್ಲಿ ಅಂಗಡಿಯವನ ಹೆಸರೇ ನಾಣ್ಯದ ಭರವಸೆಯಾಯಿತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಸ್ಥಿತಿ ಬೇರೆ. ಮುಂಬಯಿ, ಕಲಕತ್ತೆಗಳಲ್ಲಿ ಟಂಕಸಾಲೆಗಳಿದ್ದವು. 1835ರ ಅಧಿನಿಯಮವು ಕಂಪನಿಯ ಸೀಮೆಗೆಲ್ಲ ಏಕರೂಪದ ರೂಪಾಯಿಯನ್ನು ವಿಧಿಸಿತು. ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಎಂಬುದು ಲೆಕ್ಕ. ಹಳೆಯ ಶಿವರಾಯಿ ದುಡ್ಡು ಅದರ ಜೊತೆಗೂ ಚಲಾವಣೆಯಲ್ಲಿ ಉಳಿದಿತ್ತು. ಖಾಸಗಿಯವರು ಹಣವಾಗಿ ಬಳಸಲು ಲೋಹದ ತುಂಡುಗಳನ್ನು ತಯಾರಿಸುವುದನ್ನು 1889ರ ಲೋಹ ಬಿಲ್ಲೆಗಳ ಅಧಿನಿಯಮ ನಿಷೇಧಿಸಿತು. ಯಾರೂ ಮಾಡದ ಕೆಲಸವನ್ನು ಕಾನೂನು ನಿಷೇಧಿಸುವುದು ಅಪರೂಪ. ದೇಶದ ಎಲ್ಲಿಯೋ ಇಂಥ ಬಿಲ್ಲೆಗಳು ನಡೆಯುತ್ತಿದ್ದುವೆಂದು ಊಹಿಸಲು ಇದೊಂದೇ ಸಾಕು.

ಆದರೂ ಹುಬ್ಬಳ್ಳಿಯ ಪೇಟೆಯನ್ನು ಅರಿಯಲು ಬಿಲ್ಲೆಗಿಂತ ಉದ್ರಿ ಖಾತೆಯೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಬಿಲ್ಲೆಯು ಅಪರಿಚಿತನಿಗೆ ಕೊಟ್ಟ ಮಾತು. ಉದ್ರಿಯು ಪರಿಚಿತನಿಂದ ಪಡೆದ ಮಾತು. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಆಗುವಲ್ಲಿ ಒಂದು ಪೈಯ ಕೊರತೆ ಯಾರನ್ನೂ ಕಾಡದು. ಆದುದರಿಂದ ಹಳೆಯ ಪೇಟೆಯಲ್ಲಿ ಸಿಗುವ ಪಿತ್ತಳೆಯ ಬಿಲ್ಲೆಗಳನ್ನೆಲ್ಲ 'ಅಂಗಡಿ ನಾಣ್ಯ'ವೆಂದು ಕರೆಯುವುದು ಅವಸರದ ಮಾತು. ಕಾರ್ಖಾನೆಗಳ ಹಾಜರಿ ಬಿಲ್ಲೆಯ ಮೇಲೆ ಕ್ರಮಸಂಖ್ಯೆ ಇರುತ್ತದೆ, ಬೆಲೆ ಇರುವುದಿಲ್ಲ. ರೈಲ್ವೆ ಕಾರ್ಯಾಗಾರವಿರುವ ಹುಬ್ಬಳ್ಳಿಯಲ್ಲಿ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಚಿಲ್ಲರೆ ಬತ್ತಿತು. ತಾಮ್ರ ಉಳಿಸಲು ಸರಕಾರವು 1943ರಿಂದ ನಡುವೆ ತೂತಿರುವ ಪೈಸೆಯನ್ನು ಟಂಕಿಸಿತು. ತೂತಿನ ದುಡ್ಡೆಂದು ಹಿರಿಯರು ನೆನೆಯುವುದು ಇದನ್ನೇ. 1971ರಲ್ಲಿ ಸಣ್ಣ ನಾಣ್ಯಗಳನ್ನು ಕೂಡಿಡುವುದರ ವಿರುದ್ಧ ಪ್ರತ್ಯೇಕ ಅಧಿನಿಯಮವೇ ಬಂದಿತು. ಮುಂದೆ ಅಂಗಡಿಗಳಲ್ಲಿ ಚಿಲ್ಲರೆಯ ಬದಲು ಚಾಕೊಲೇಟು ಕೈಗೆ ಬಂದುದನ್ನು ಎಲ್ಲರೂ ಕಂಡಿದ್ದೇವೆ. ಬಸ್ಸಿನ ನಿರ್ವಾಹಕನು ಟಿಕೇಟಿನ ಹಿಂಬದಿಗೆ ಬಾಕಿಯನ್ನು ಬರೆದುಕೊಟ್ಟಾಗ, ಆ ಕಾಗದದ ಚೂರು ಇಳಿಯುವ ನಿಲ್ದಾಣದವರೆಗೆ ಮಾತ್ರ ನಾಣ್ಯವಾಗಿರುತ್ತದೆ.