ಊರನ್ನು ಓದುವ ಶಾಸ್ತ್ರ

ಮಾನವಶಾಸ್ತ್ರವೆಂದೊಡನೆ ದೂರದ ದ್ವೀಪವಾಸಿಗಳ ವಿಚಾರವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ತಮ್ಮ ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ರೈತರ ನಡುವೆ ಕುಳಿತು, ಕಂಡುದನ್ನೂ ಕೇಳಿದುದನ್ನೂ ಬರೆದುಕೊಂಡರು. ಆ ಟಿಪ್ಪಣಿಗಳಿಂದ ಸಿದ್ಧಪಡಿಸಿದ ಪ್ರತಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದಾಗ ನೆನಪನ್ನೇ ನಂಬಿ ಗ್ರಂಥವನ್ನು ರಚಿಸಿದರು. ಅದು 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಊರಿನ ಹೆಸರನ್ನು ಮರೆಮಾಡಿ 'ರಾಮಪುರ'ವೆಂದರು. ನಂಬಿ ಮಾತನಾಡಿದವರ ಮಾನವನ್ನು ಕಾಯುವುದೂ ಈ ಶಾಸ್ತ್ರದ ಪಾಠವೇ.

ನಮ್ಮ ಆದವಾನಿ ಸೀಮೆಯಲ್ಲಿ ಇಂತಹ ಓದಿಗೆ ಕೊರತೆಯಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಹತ್ತಿಯ ಪೇಟೆಯಲ್ಲಿ ತೆಲುಗು. ಯಾವ ಮಾತು ಎಲ್ಲಿ ಬದಲಾಗುವುದೆಂಬುದನ್ನು ಒಂದು ದಿನ ಗಮನಿಸಿ ಬರೆದರೂ ಸಾಕು.

ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ನಡೆಯುವ ಬನ್ನಿ ಉತ್ಸವದ ಬಡಿಗೆ ಕಾಳಗವನ್ನು ಪತ್ರಿಕೆಗಳು ಗಾಯಾಳುಗಳ ಲೆಕ್ಕದಿಂದಲೇ ಅಳೆಯುತ್ತವೆ. ಮಾಳಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಯಾವ ಊರವರು ಯಾವ ಪಕ್ಷದಲ್ಲಿ ನಿಲ್ಲುವರು, ಹಿರಿಯರು ಅದಕ್ಕೆ ಯಾವ ಕಾರಣ ಹೇಳುವರು ಎಂದು ಹಗಲಿನಲ್ಲಿ, ಅನುಮತಿ ಪಡೆದು, ಕೇಳಬೇಕು. ಬಡಿಗೆಗಳ ನಡುವೆ ವಿದ್ಯಾರ್ಥಿಗೆ ಕೆಲಸವಿಲ್ಲ!

ಇದಕ್ಕಿಂತ ಹತ್ತಿರದ ಪ್ರಶ್ನೆಯೊಂದಿದೆ. ಮಳೆ ಕೈಕೊಟ್ಟ ವರ್ಷ ಈ ಭಾಗದ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ತರಗತಿಯ ಮಣೆಗಳು ಬರಿದಾಗುತ್ತವೆ. ಯಾರು ಹೋದರು, ಯಾರ ಸಾಲ ತೀರಿಸಲು ಹೋದರು, ಮುದುಕರ ಬಳಿ ಯಾವ ಮಕ್ಕಳು ಉಳಿದರು? ಹಾಜರಿ ಪುಸ್ತಕವು ಇದನ್ನು ತಿಳಿಸದು. ಸಹಪಾಠಿಯು ಮರಳಿದಾಗ ಕೇಳಿ ಬರೆದ ದಿನಚರಿಯನ್ನು ಗಡಿಯಾಚೆಯ ಸಿರುಗುಪ್ಪದ ಶಾಲೆಯೊಂದರೊಡನೆ ಬದಲಾಯಿಸಿಕೊಳ್ಳೋಣ. ಅಲ್ಲಿಯ ಕಾಲುವೆಯ ನೀರಿನ ಹಳ್ಳಿಗಳಲ್ಲಿ ಅದೇ ತಿಂಗಳು ಯಾರು ಊರು ಬಿಟ್ಟರು, ಯಾರು ಕೂಲಿಗೆ ಬಂದರು ಎಂಬುದು ಅವರ ಪುಸ್ತಕದಲ್ಲಿರುವುದು.