ಕಾಲುಬಾಯಿ ಜ್ವರದ ಲಸಿಕೆ: ಶಕ್ತಿ ಎಷ್ಟು ದಿನ ಇರುತ್ತೆ?

‘ಹೋದ ವರ್ಷ ಸೂಜಿ ಹಾಕ್ಸಿದ್ವಿ ಸಾರ್, ಆದ್ರೂ ಕಾಯಿಲೆ ಬಂತಲ್ಲ?’ ಬನ್ನೂರು ಕಡೆ ಹಸು ಸಾಕುವ ಹುಡುಗರು ಹೀಗೆ ಕೇಳುವುದುಂಟು. ಉತ್ತರ ಆ ಮಾತಿನಲ್ಲೇ ಇದೆ: ಹೋದ ವರ್ಷ ಹಾಕಿಸಿದ ಲಸಿಕೆಯ ಶಕ್ತಿ ಈ ವರ್ಷಕ್ಕೆ ಉಳಿದಿರುವುದಿಲ್ಲ.

ಶಕ್ತಿ ಅಳೆಯುವುದು ಹೇಗೆ?

ಲಸಿಕೆ ಹಾಕಿದ ಮೇಲೆ ರಾಸಿನ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯಗಳು ಹುಟ್ಟುತ್ತವೆ. ಲಸಿಕೆ ಹಾಕುವ ದಿನ ಕೆಲವು ರಾಸುಗಳಿಂದ ರಕ್ತದ ಮಾದರಿ ತೆಗೆಯುತ್ತಾರೆ. 28 ದಿನ ಬಿಟ್ಟು ಅದೇ ರಾಸುಗಳಿಂದ ಮತ್ತೆ ತೆಗೆಯುತ್ತಾರೆ. ಎರಡನ್ನೂ ಪ್ರಯೋಗಾಲಯದಲ್ಲಿ ಎಲೈಸಾ ಪರೀಕ್ಷೆ ಮಾಡಿ ಹೋಲಿಸುತ್ತಾರೆ. ನಮ್ಮ ಲಸಿಕೆಯಲ್ಲಿರುವ ಓ, ಎ, ಏಷ್ಯಾ-1 ಎಂಬ ಮೂರೂ ಬಗೆಯ ವೈರಸ್‌ಗೆ ಬೇರೆ ಬೇರೆ ಲೆಕ್ಕ.

ಎರಡನೇ ಮಾದರಿ ಶಕ್ತಿ ಎಷ್ಟು ಏರಿತು ಅಂತ ಹೇಳುತ್ತೆ. ಮೊದಲನೆಯದು ಹಿಂದಿನ ಲಸಿಕೆಯದು ಎಷ್ಟು ಉಳಿದಿತ್ತು ಅಂತ ತೋರಿಸುತ್ತೆ. ಪ್ರತಿಕಾಯ 3-4 ವಾರ ಏರಿ, ಆಮೇಲೆ ತಿಂಗಳು ತಿಂಗಳಿಗೂ ಇಳಿಯುತ್ತೆ. ಮೊದಲ ಸಲ ಹಾಕಿಸಿಕೊಂಡ ಕರುವಿನಲ್ಲಿ ಬೇಗ ಇಳಿಯುತ್ತೆ. ತಪ್ಪದೆ ಹಾಕಿಸಿಕೊಂಡ ಹಸುವಿನಲ್ಲಿ ಹೆಚ್ಚು ದಿನ ನಿಲ್ಲುತ್ತೆ. 6 ತಿಂಗಳಿಗೊಮ್ಮೆ ಅನ್ನುವ ನಿಯಮ ಇದಕ್ಕೇ.

ನೀವು ಮಾಡಬೇಕಾದ್ದು

- ಕರುವಿಗೆ 4 ತಿಂಗಳಾದಾಗ ಮೊದಲ ಲಸಿಕೆ, ಒಂದು ತಿಂಗಳ ನಂತರ ಬೂಸ್ಟರ್, ಆಮೇಲೆ 6 ತಿಂಗಳಿಗೊಮ್ಮೆ. ಅದಕ್ಕೂ ಮೊದಲು ಗಿಣ್ಣುಹಾಲಿನಿಂದ ಬಂದ ತಾಯಿಯ ಪ್ರತಿಕಾಯ ಲಸಿಕೆಗೆ ಅಡ್ಡ ಬರುತ್ತೆ.
- ಮುಡುಕುತೊರೆ ಜಾತ್ರೆಗೆ ರಾಸು ಹೊಡೆದುಕೊಂಡು ಹೋಗೋರು ಕನಿಷ್ಠ 3-4 ವಾರ ಮೊದಲೇ ಹಾಕಿಸಿ. ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ.
- ತುಂಬುಗಬ್ಬದ ಹಸುವಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.
- ಕಿವಿ ಟ್ಯಾಗಿನ ಫೋಟೋ ತೆಗೆದು, ಲಸಿಕೆ ತಾರೀಖನ್ನು ಮೊಬೈಲ್ ಕ್ಯಾಲೆಂಡರ್‌ಗೆ ಹಾಕಿ. ಐದೂವರೆ ತಿಂಗಳಿಗೆ ರಿಮೈಂಡರ್ ಇಡಿ.

ಬನ್ನೂರು ಕುರಿ ಸಾಕುವವರಿಗೆ ಒಂದು ಮಾತು: ಎಲ್ಲ ಲಸಿಕೆಗೂ ಒಂದೇ ಅವಧಿ ಇಲ್ಲ. ಪಿಪಿಆರ್ ಲಸಿಕೆ ಸುಮಾರು 3 ವರ್ಷ ಕಾಯುತ್ತೆ. ಕರುಳು ಬೇನೆಯದನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು.

ಸೂಜಿ ಹಾಕ್ಸಿದ್ರೆ ಹಾಲು ಕಮ್ಮಿ ಆಗುತ್ತೆ ಅಂತ ಕೆಲವರು ಹಸುವನ್ನು ಗದ್ದೆ ಕಡೆ ಹೊಡೆದುಬಿಡ್ತಾರೆ. ಹಾಗೆ ಕಮ್ಮಿಯಾದರೂ ಸಾಮಾನ್ಯವಾಗಿ ಎರಡು ಮೂರು ದಿನ ಅಷ್ಟೇ. 2013ರಲ್ಲಿ ರಾಜ್ಯದಲ್ಲಿ ಇದೇ ಜ್ವರಕ್ಕೆ ಸಾವಿರಾರು ರಾಸು ಸತ್ತವು. ಎರಡು ದಿನದ ಹಾಲು ದೊಡ್ಡದೋ, ಹಸು ದೊಡ್ಡದೋ?